ವಲ್ಲಿಯ ಕೆಳಗೆ ಹಿಡಿದ ಅಂಕಿ

ಅಪ್ಪ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಲು ಶುರುಮಾಡಿದ್ದು ಯುಗಾದಿಯ ಆಸುಪಾಸಿಗೆ. ಖಡಕ್ ರೊಟ್ಟಿ ಬಾಯಲ್ಲಿ ಸದ್ದು ಮಾಡದಿದ್ದರೆ ಅದು ಊಟವೇ ಅಲ್ಲ ಎನ್ನುತ್ತಿದ್ದ ಮನುಷ್ಯ. ಶೇಂಗಾ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿದ. ಖಾರ ಹತ್ತುತ್ತದೆ ಅಂದ. ಅವ್ವ ಎಲ್ಲ ತಪ್ಪನ್ನೂ ಮೆಣಸಿನಕಾಯಿ ಮಾರಿದವನ ತಲೆಗೆ ಕಟ್ಟಿ ಬೈದಳು. ಸಿಂದಗಿಯಿಂದ ಇಂಡಿಗೆ, ತವರಿಗೆಂದು ಬಂದಿದ್ದ ನಾನು ನಗುತ್ತ ಕೂತಿದ್ದೆ.

"ಯಾಕಪಾ, ಹಲ್ಲು ಹ್ವಾದ ಎತ್ತಿನಂಗ ಮೆತ್ತಂದ ಹುಡುಕಾಕತ್ತೀಯಲ್ಲ?" ಅಂದೆ.

ಅವನೂ ನಕ್ಕ. ನಕ್ಕಾಗ ಬಾಯಿ ಪೂರ್ತಿ ತೆರೆಯಲಿಲ್ಲ.

ನನ್ನದು ಅಪ್ಪನ ಕಸುಬಿನ ಮಾತು. ಅವನು ದನದ ಸಂತೆಯ ದಲಾಲಿ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿ ಸಂತೆಯೋ ಅಲ್ಲಿ ಅವನು. ಎತ್ತಿನ ಕೆಳತುಟಿ ಎಳೆದು, ಹಲ್ಲು ನೋಡಿ, ವಯಸ್ಸು ಹೇಳುವುದು ಅವನ ಕೆಲಸ. ದರ ಕುದುರಿಸುವುದು ಅದಕ್ಕಿಂತ ದೊಡ್ಡ ಕೆಲಸ. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ವ್ಯವಹಾರ ಮಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಇಡೀ ಪಂಜಾ ಹಿಡಿದರೆ ಐದು. ಪಂಜಾ ಹಿಡಿದು ಬಿಟ್ಟು ಮತ್ತೊಂದು ಬೆರಳು ಹಿಡಿದರೆ ಆರು. ಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಕಾಣುವುದು ಒಂದು ಬಟ್ಟೆ, ಎರಡು ಮುಖ, ಅಷ್ಟೇ. ಒಪ್ಪಿಗೆಯಾದರೆ ವಲ್ಲಿ ತೆಗೆದು ಅಂಗೈಗೆ ಅಂಗೈ ತಟ್ಟುತ್ತಾರೆ. ಒಪ್ಪಿಗೆಯಾಗದಿದ್ದರೆ ಕೈ ಎಳೆದುಕೊಳ್ಳುತ್ತಾರೆ. ಹೆಂಗಸರು ಅಲ್ಲಿ ಕೈ ಹಾಕುವ ಪದ್ಧತಿ ಇಲ್ಲ. ನಾನು ಸಣ್ಣವಳಿದ್ದಾಗ ಅಪ್ಪ ಆಟವೆಂದು ಕಲಿಸಿದ. ನಾನು ಮೊದಲು ಲೆಕ್ಕ ಕಲಿತದ್ದು ಆ ವಲ್ಲಿಯ ಕೆಳಗೆ. ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ.

ವಲ್ಲಿ ಹೊದಿಸುವ ಮೊದಲು ತಂಬಾಕು ತಿಕ್ಕುವುದು ಸಂತೆಯ ವಾಡಿಕೆ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ, ಅರ್ಧ ಎದುರಿನವನಿಗೆ ಕೊಟ್ಟು, ಅರ್ಧ ತನ್ನ ಕೆನ್ನೆಯೊಳಗೆ ಇಟ್ಟುಕೊಳ್ಳಬೇಕು. ಕೊಟ್ಟ ತಂಬಾಕು ಬೇಡವೆಂದರೆ ನಿನ್ನ ವ್ಯವಹಾರವೇ ಬೇಡ ಎಂದ ಹಾಗೆ. ಅಪ್ಪ ಯಾರಿಗೂ ಬೇಡ ಎಂದವನಲ್ಲ. ಮಾರಿಸಿದ ಒಂದೊಂದು ಎತ್ತಿಗೂ ಅವನ ಎಡಗೆನ್ನೆ ಪಾಲು ಕೊಟ್ಟಿದೆ.

ಆ ಕೆನ್ನೆಯೊಳಗೆ ಎದ್ದ ಹುಣ್ಣಿಗೆ ಬರೀ ಗುಳ್ಳೆ ಎಂದು ತುಪ್ಪ ಹಚ್ಚಿದ. ಆಮೇಲೆ ಯಾವುದೋ ಮುಲಾಮು. ಮಳೆಗಾಲ ಬಂದರೂ ವಾಸಿಯಾಗಲಿಲ್ಲ. ಕೊನೆಗೆ ನಾನೇ ಜಗಳ ತೆಗೆದು ವಿಜಯಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ನನ್ನದೇ ವಯಸ್ಸಿನ ಹೆಂಗಸು, ಮಾತು ಕಡಿಮೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಲ್ಲಿ ಹಾಕಲು ಹೇಳಿದರು. ಎರಡಷ್ಟೇ ಹೋದವು. ಅಪ್ಪ ಎರಡು ಬೆರಳು ಬಾಯಲ್ಲಿಟ್ಟುಕೊಂಡೇ ನನ್ನತ್ತ ನೋಡಿದ. ಡಾಕ್ಟರು ಅವನ ಕೆಳತುಟಿ ಎಳೆದು, ಟಾರ್ಚ್ ಹಿಡಿದು, ಸಾವಕಾಶವಾಗಿ ನೋಡಿದರು. ಅವನು ಎತ್ತಿನ ಬಾಯಿ ನೋಡುತ್ತಿದ್ದುದೂ ಹಾಗೆಯೇ. ತಾನು ನೋಡಿ ತಲೆ ಅಲ್ಲಾಡಿಸಿದ ಮೇಲೆ ಆ ಎತ್ತಿಗೆ ಎಷ್ಟು ಬೆಲೆ ಉಳಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಬಯಾಪ್ಸಿ ಆಯಿತು.

ಕ್ಯಾನ್ಸರ್.

ಆಪರೇಷನ್ ಇಡೀ ದಿನ ನಡೆಯಿತು. ಎಡಗೆನ್ನೆ ಒಳಗಿಂದ ತೆಗೆದರು. ದವಡೆಯ ಒಂದು ತುಂಡು ಹೋಯಿತು. ನಾಲಿಗೆಯ ಅಂಚು ಹೋಯಿತು. ಕುತ್ತಿಗೆಯ ಗಂಟುಗಳನ್ನು ಹುಡುಕಿ ಹುಡುಕಿ ತೆಗೆದರು. ಹೋದ ಜಾಗಕ್ಕೆ ಎದೆಯ ಮಾಂಸ ತಂದು ಹೊಲಿದರು. ಮೂಗಿನಲ್ಲಿ ನಳಿಕೆ, ಗಂಟಲಲ್ಲಿ ನಳಿಕೆ. ಐಸಿಯುನಲ್ಲಿ ನೋಡಿದಾಗ ಅಪ್ಪನನ್ನು ಗುರುತಿಸಿದ್ದು ಕೈಗಳಿಂದ.

ಅಲ್ಲಿಯೇ ಆ ಅಂಕಿ ನಮ್ಮ ಮನೆಯೊಳಗೆ ಬಂತು.

ಆಪರೇಷನ್ನಿಗೆ ಮೊದಲು ತೆಗೆದ ರಕ್ತದಲ್ಲಿ ಎಸ್‌ಸಿಸಿ ಆಂಟಿಜೆನ್ ಎಂಬ ಪರೀಕ್ಷೆಯೂ ಇತ್ತು. ನಾಲ್ಕು ಚಿಲ್ಲರೆ ಬಂದಿತ್ತು. ಒಂದೂವರೆಯ ಒಳಗೆ ಇರಬೇಕಂತೆ. ಡಾಕ್ಟರು ನನ್ನನ್ನೂ ಅಣ್ಣ ಈರಣ್ಣನನ್ನೂ ಕೂರಿಸಿ ಹೇಳಿದರು.

"ಇದಕ್ಕ ಟ್ಯೂಮರ್ ಮಾರ್ಕರ್ ಅಂತೇವ್ರಿ. ಗಡ್ಡಿ ಇದ್ದಾಗ ಏರ್ತೈತಿ, ತೆಗೆದ ಮ್ಯಾಲ ಇಳೀಬೇಕು. ಮುಂದ ಮತ್ತ ಏರಾಕತ್ತಿದ್ರ ರೋಗ ತಿರುಗಿ ಬರಾಕತ್ತೈತೇನೋ ಅಂತ ನಾವು ಹುಷಾರಾಗಬೇಕು."

"ಖಾತ್ರಿ ಏನ್ರಿ ಮೇಡಂ?" ಅಂದ ಅಣ್ಣ.

"ಇಲ್ರಿ. ಅದು ಏರದೇನೂ ರೋಗ ಬರಬಹುದು. ಏರಿದ್ರೂ ಬರದೇ ಇರಬಹುದು. ತಿಂಗಳಾ ತಿಂಗಳಾ ಬಂದು ಬಾಯಿ ತೋರಸ್ರಿ, ಕುತ್ತಿಗಿ ಮುಟ್ಟಿ ನೋಡ್ತೇನಿ. ಅದು ಮುಖ್ಯ. ಇದು ಅದರ ಜೋಡಿಗೆ."

ನನಗೆ ಸಿಟ್ಟು ಬಂತು. ಹೌದು ಎನ್ನಬೇಕು ಅಥವಾ ಇಲ್ಲ ಎನ್ನಬೇಕು. ಎರಡೂ ಅಲ್ಲದ ಅಂಕಿಯನ್ನು ಕೈಗೆ ಕೊಟ್ಟು ಮನೆಗೆ ಹೋಗಿ ಎಂದರೆ ಏನು ಮಾಡುವುದು? ಮಕ್ಕಳು ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆದರೆ ನಾನು ಕೆಂಪು ಗೀಟು ಎಳೆಯುತ್ತೇನೆ. ಆದರೆ ಡಾಕ್ಟರು ಸುಳ್ಳು ಹೇಳಲಿಲ್ಲ. ಅದನ್ನು ಆಗಲೇ ಗಮನಿಸಿದ್ದರೆ ಮುಂದೆ ನಾವು ಮೊಣಕೈಯ ಹಿಂದೆ ಬೀಳುತ್ತಿರಲಿಲ್ಲ. ಅದು ಆಮೇಲಿನ ಕಥೆ.

ಆಪರೇಷನ್ ಆದ ಮೇಲಿನ ರಿಪೋರ್ಟ್ ಬಂದಾಗ ಅಪ್ಪ ವಾರ್ಡಿನಲ್ಲಿದ್ದ. ಮಾತು ಇರಲಿಲ್ಲ. ಓದು ಬರಹ ಮೊದಲೇ ಇರಲಿಲ್ಲ, ಸಹಿಯಷ್ಟೇ. ನನ್ನ ಕೈಯಲ್ಲಿದ್ದ ಫೋನಿನ ಕಡೆ ಹುಬ್ಬು ಹಾರಿಸಿದ. ನಾನು ದಿಂಬಿನ ಪಕ್ಕದಲ್ಲಿದ್ದ ವಲ್ಲಿಯನ್ನು ಅವನ ಕೈಮೇಲೆ ಹೊದಿಸಿ ಮೊದಲು ನಾಲ್ಕು ಬೆರಳು ಹಿಡಿದೆ. ಅದು ಹಳೆಯದು. ಆಮೇಲೆ ಒಂದೇ ಬೆರಳು ಹಿಡಿದೆ.

ಅಪ್ಪ ಮುಖ ಸಿಂಡರಿಸಿ ಕೈ ಎಳೆದುಕೊಂಡ.

ನಾಲ್ಕರ ಮಾಲು ಒಂದಕ್ಕೆ ಬಿತ್ತೆಂದು ತಿಳಿದನಂತೆ. ನನಗೆ ನಗು ತಡೆಯಲಾಗಲಿಲ್ಲ. ವಾರದಿಂದ ಹಿಡಿದಿಟ್ಟ ಅಳುವೂ ಅದರ ಜೊತೆಗೇ ಬಂತು.

"ಅಪ್ಪಾ, ಇಲ್ಲಿ ನಾವು ಮಾರಾವರಲ್ಲ, ಕೊಳ್ಳಾವರು. ದರ ಬಿದ್ದಷ್ಟು ನಮಗ ಚಲೋ," ಅಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. ಮತ್ತೆ ಕೈ ಒಳಗೆ ತಂದು, ನನ್ನ ಒಂದು ಬೆರಳು ಹಿಡಿದು, ಅಂಗೈ ತಟ್ಟಿದ. ಪಕ್ಕದ ಬೆಡ್ಡಿನವರು ಇವರಿಗೇನಾಗಿದೆ ಎಂದು ನೋಡುತ್ತಿದ್ದರು.

ರೇಡಿಯೇಷನ್ ಬಗ್ಗೆ ಹೆಚ್ಚು ಬರೆಯಲಾರೆ. ಬಾಯಿಯೆಲ್ಲ ಬೆಂದು ಹೋಯಿತು. ನೀರು ಕುಡಿಯುವುದಕ್ಕೂ ಅಳುತ್ತಿದ್ದ. ಅಪ್ಪ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವ್ವ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ನಳಿಕೆಗೆ ಹಾಕುವುದನ್ನು ಕಲಿತಳು. ಅವನ ಮುಂದೆ ರೊಟ್ಟಿ ಬಡಿಯುವುದನ್ನೇ ಬಿಟ್ಟಳು. ರೊಟ್ಟಿಯ ಸಪ್ಪಳವಿಲ್ಲದ ಆ ಅಡುಗೆಮನೆ ಬೇರೆಯವರದು ಎನ್ನಿಸುತ್ತಿತ್ತು. ಎಲ್ಲ ಮುಗಿದು ನಳಿಕೆ ತೆಗೆದ ಮೇಲೆ ಇನ್ನೊಂದು ವಿಚಿತ್ರ ಶುರುವಾಯಿತು. ಎದೆಯಿಂದ ತಂದು ಹೊಲಿದ ಮಾಂಸದಲ್ಲಿ ಎದೆಗೂದಲೂ ಬಂದಿತ್ತು. ಅದು ಬಾಯೊಳಗೆ ಬೆಳೆಯತೊಡಗಿತು. ಅಣ್ಣ ಕತ್ತರಿ ಹಿಡಿದು ಕೂದಲು ಕತ್ತರಿಸುತ್ತಿದ್ದ, ಅವ್ವ ಮುಖ ತಿರುಗಿಸುತ್ತಿದ್ದಳು. ಅಪ್ಪ ತೊದಲುತ್ತ ಏನೋ ಅಂದ. ನಮಗೆ ತಿಳಿಯಲಿಲ್ಲ. ಅವನ ಮಾತು ಪೂರ್ತಿ ತಿಳಿಯುತ್ತಿದ್ದದ್ದು ಅವ್ವನಿಗೆ ಮಾತ್ರ.

"ಕಟಿಂಗ್ ಅಂಗಡಿಯಾಂವಗ ಇನ್ನ ಎರಡೆರಡು ಕಡೆ ಕೆಲಸ ಅನ್ನಾಕತ್ತಾನ," ಅಂದಳು ಅವ್ವ. ಆ ದಿನ ಮನೆಯಲ್ಲಿ ಎಲ್ಲರೂ ನಕ್ಕೆವು.

ಅಪ್ಪ ಸಂತೆಗೆ ಮರಳಿದ. ಬೇಡವೆಂದರೆ ಕೇಳಲಿಲ್ಲ. ಮಾತು ಹೋದರೆ ದಲಾಲಿಗೆ ನಷ್ಟವೇನೂ ಇಲ್ಲ ಎಂಬುದು ನಮಗೆ ಹೊಳೆದಿರಲಿಲ್ಲ. ಅವನ ಮಾತೆಲ್ಲ ವಲ್ಲಿಯ ಕೆಳಗೇ ಇತ್ತಲ್ಲ. ಅಗರಖೇಡದ ಕಡೆಯ ರೈತರು ಅವನ ಸೊಟ್ಟ ಮುಖ ನೋಡಿ ಮೊದಲು ಕಣ್ಣು ತಪ್ಪಿಸಿದರು. ಕೈ ಹಿಡಿದ ಮೇಲೆ ದರದ ಲೆಕ್ಕಕ್ಕೆ ಬಿದ್ದರು. ಯಾರೋ ರೂಢಿಯಂತೆ ತಂಬಾಕು ತಿಕ್ಕಿ ಚಾಚಿದರಂತೆ. ಅಪ್ಪ ಅದನ್ನು ಅಂಗೈಯಲ್ಲಿ ಇಸಿದುಕೊಂಡು, ಹಣೆಗೆ ಮುಟ್ಟಿಸಿ, ನೆಲಕ್ಕೆ ಉದುರಿಸಿದನಂತೆ. ಕೊಟ್ಟವನಿಗೂ ಸಿಟ್ಟು ಬರಲಿಲ್ಲ. ಈಗ ಅಲ್ಲಿ ಕೆಲವರು ಅದನ್ನೇ ಮಾಡುತ್ತಾರೆ ಎಂದು ಅಣ್ಣ ಹೇಳುತ್ತಾನೆ. ನನಗೆ ನಂಬಿಕೆಯಿಲ್ಲ. ಆ ಜನ ಅಷ್ಟು ಬೇಗ ಬಿಡುವವರಲ್ಲ.

ಆ ಕೆಲವು ತಿಂಗಳು ಚೆನ್ನಾಗಿದ್ದವು. ಇಂಡಿಯ ಲ್ಯಾಬಿನಲ್ಲಿ ರಕ್ತ ಕೊಡುತ್ತಿದ್ದ, ರಿಪೋರ್ಟ್ ನನ್ನ ಫೋನಿಗೆ ಬರುತ್ತಿತ್ತು. ರವಿವಾರ ನಾನು ಬಸ್ಸು ಹಿಡಿದು ಹೋದರೆ, ಚಪ್ಪಲಿ ಬಿಡುವ ಮೊದಲೇ ಅವನು ವಲ್ಲಿ ಚಾಚುತ್ತಿದ್ದ. ಒಂದು ಬೆರಳು. ಅಂಗೈ ತಟ್ಟು. ಆಮೇಲೆ ಚಹಾ.

ಆಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಫೋನ್ ತೆರೆದೆ. ಎರಡು ಪಾಯಿಂಟ್ ಎಂಟು.

ನಾನು ಅದನ್ನು ಪಕ್ಕದ ಟೀಚರಿಗೆ ಓದಲು ಕೊಟ್ಟೆ. ಅವರೂ ಎರಡು ಪಾಯಿಂಟ್ ಎಂಟು ಎಂದೇ ಓದಿದರು. ಅಂದು ಪಾಠ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. "ಅಪ್ಪಗ ಹೇಳಬ್ಯಾಡ," ಅಂದ, ಮೊದಲ ಮಾತೇ ಅದು. "ಈಗಷ್ಟ ನಿಂತಾನ. ಕೇಳಿದ್ರ ಕುಂತ ಬಿಡ್ತಾನ."

ತಿಂಗಳ ತಪಾಸಣೆ ಎಂದು ಹೇಳಿ ವಿಜಯಪುರಕ್ಕೆ ಕರೆದೊಯ್ದೆವು. ಡಾಕ್ಟರು ಬಾಯಿ ನೋಡಿದರು, ಏನೂ ಇಲ್ಲ. ಕುತ್ತಿಗೆ ಮುಟ್ಟಿ ನೋಡಿದರು, ಏನೂ ಇಲ್ಲ. ಸ್ಕ್ಯಾನ್ ಆಯಿತು, ಏನೂ ಕಾಣಲಿಲ್ಲ. ಕಾಣದಿರುವುದು ಒಳ್ಳೆಯದಲ್ಲವೇ ಎಂದು ಕೇಳಿದೆ. ಅವರು ಅಪ್ಪನ ತೋಳು ಹಿಡಿದು ತಿರುಗಿಸಿದರು. ಮೊಣಕೈ ಮೇಲೆ ಬಿಳಿ ಹೊಪ್ಪಳೆ ಏಳುವ ಕಜ್ಜಿ ಇತ್ತು, ವರ್ಷಗಟ್ಟಲೆಯದು. ಸೋರಿಯಾಸಿಸ್.

"ಚರ್ಮದ ರೋಗದಿಂದಾನೂ ಒಮ್ಮೊಮ್ಮೆ ಈ ಮಾರ್ಕರ್ ಏರ್ತದರಿ," ಅಂದರು. "ಹಂಗಽ ಆಗಿರಬಹುದು, ಆಗಿರಲಿಕ್ಕೂ ಇಲ್ಲ. ಕಾದು ಮತ್ತ ಮಾಡೋಣು."

ನಮಗೆ ಕೇಳಿಸಿದ್ದು ಮೊದಲರ್ಧ ಮಾತ್ರ.

ಇಡೀ ಮನೆ ಒಂದು ಮೊಣಕೈಯ ಸೇವೆಗೆ ನಿಂತಿತು. ಚರ್ಮದ ಡಾಕ್ಟರ ಮುಲಾಮು ಬೆಳಿಗ್ಗೆ, ಕೊಬ್ಬರಿ ಎಣ್ಣೆ ಸಂಜೆ. ಅವ್ವ ಬೇವಿನ ಎಲೆ ಕುದಿಸಿದಳು. ಬದನೆಕಾಯಿ ನಂಜು ಎಂದು ಬದನೆಕಾಯಿ ಬಂದ್. ಅಣ್ಣ ದಿನಾ ಮೊಣಕೈಯ ಫೋಟೋ ತೆಗೆದು ನನಗೆ ಕಳಿಸುತ್ತಿದ್ದ, ನಾನು ಹಿಂದಿನ ದಿನದ ಫೋಟೋ ಪಕ್ಕಕ್ಕಿಟ್ಟು ಹೋಲಿಸುತ್ತಿದ್ದೆ. ಕಜ್ಜಿ ನಿಜವಾಗಿಯೂ ಇಳಿಯುತ್ತಿತ್ತು. ಅಷ್ಟು ಸಂತೋಷವನ್ನು ನಾನು ನನ್ನ ಮಗಳು ಹುಟ್ಟಿದಾಗಲೂ ಪಟ್ಟಿರಲಿಲ್ಲವೇನೋ. ಇಷ್ಟೆಲ್ಲ ಮಂದಿ ತನ್ನ ಮೊಣಕೈಯನ್ನು ಯಾಕೆ ಮುದ್ದಾಡುತ್ತಿದ್ದಾರೆ ಎಂದು ಅಪ್ಪ ಒಬ್ಬೊಬ್ಬರ ಮುಖ ನೋಡುತ್ತಿದ್ದ. ರವಿವಾರ ವಲ್ಲಿ ಚಾಚಿದರೆ ನಾನು, "ರಿಪೋರ್ಟ್ ಬಂದಿಲ್ಲಪಾ, ಲ್ಯಾಬಿನ್ಯಾಗ ಮಷಿನ್ ಕೆಟ್ಟೈತಂತ," ಎನ್ನುತ್ತಿದ್ದೆ. ಅವನು ವಲ್ಲಿ ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಮತ್ತೆ ಕೇಳುತ್ತಿರಲಿಲ್ಲ.

ಮೊಣಕೈ ಕನ್ನಡಿಯಂತೆ ಆಯಿತು. ಮತ್ತೆ ರಕ್ತ ಕೊಟ್ಟೆವು.

ಆರು.

ಆ ಅಂಕಿಯನ್ನು ನಾನು ತುಂಬ ಹೊತ್ತು ದ್ವೇಷಿಸಿದೆ. ಎಲ್ಲಿದೆ ಎಂದು ಹೇಳುವುದಿಲ್ಲ, ಯಾವಾಗ ಎಂದು ಹೇಳುವುದಿಲ್ಲ, ಬರುತ್ತಿದ್ದೇನೆ ಎಂದು ಮಾತ್ರ ಹೇಳುತ್ತದೆ. ಮುಂಚೆ ಗೊತ್ತಾದರೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಯಾರಿಗೆ ಒಳ್ಳೆಯದು? ಆಪರೇಷನ್ ಮಾಡುವವರಿಗೆ ಕತ್ತರಿಸಲು ಜಾಗ ಗೊತ್ತಾಗಬೇಕು. ನಮ್ಮ ಕೈಯಲ್ಲಿದ್ದದ್ದು ಭಯ ಒಂದೇ. ಡಾಕ್ಟರು ಬೆಳಗಾವಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು. ದಿನ ಸಿಗಲು ಕಾಯಬೇಕಿತ್ತು.

ರವಿವಾರ ಇಂಡಿಗೆ ಹೋದೆ. ಅಣ್ಣ ಬಾಗಿಲಲ್ಲೇ ತಡೆದ.

"ಸುಮಿ, ಒಂದು ಅನ್ನು. ಒಂದಽ ಬೆರಳು ಹಿಡಿ. ನಿನಗೇನು ಹೋಗೂದೈತಿ?"

"ನೋಡ್ತೇನಿ," ಅಂದೆ. ನಿಜ ಹೇಳಬೇಕೆಂದರೆ ಒಂದೇ ಹಿಡಿಯುವುದೆಂದು ಬಸ್ಸಿನಲ್ಲಿಯೇ ತೀರ್ಮಾನ ಮಾಡಿಕೊಂಡಿದ್ದೆ.

ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಈ ಸಲ ವಲ್ಲಿ ಚಾಚಲಿಲ್ಲ. ತನ್ನ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಅದರ ಮೇಲೆ ತಾನೇ ವಲ್ಲಿ ಹೊದಿಸಿ ಕಾಯುತ್ತಿದ್ದ. ಬೆಳಗಿನಿಂದ ಹಾಗೇ ಕೂತಿದ್ದಾನೆ ಎಂದಳು ಅವ್ವ. ಮಾಲು ನೋಡಲು ಬಂದ ಗಿರಾಕಿಯ ಹಾಗೆ ಎದುರು ಕೂತೆ. ಕೈ ಒಳಗಿಟ್ಟೆ. ಒಂದು ಬೆರಳು ಹಿಡಿಯಲು ಹೋದೆ. ಅವನ ಕೈ ತಣ್ಣಗಿತ್ತು, ಸಿದ್ಧವಾಗಿತ್ತು. ಆ ಕೈಗೆ ನನ್ನಿಂದ ಸುಳ್ಳು ಹೇಳಲಾಗಲಿಲ್ಲ.

ಪಂಜಾ ಹಿಡಿದೆ. ಬಿಟ್ಟೆ. ಮತ್ತೊಂದು ಬೆರಳು ಹಿಡಿದೆ.

ಅಪ್ಪ ನನ್ನ ಮುಖ ನೋಡುತ್ತಿದ್ದ, ಅವನ ಮುಖದಲ್ಲಿ ಏನೂ ಇರಲಿಲ್ಲ. ಸಂತೆಯಲ್ಲಿಯೂ ಹಾಗೇ ಇರುತ್ತಾನೆ. ಸ್ವಲ್ಪ ಹೊತ್ತಿಗೆ ನನ್ನ ನಾಲ್ಕು ಬೆರಳು ಹಿಡಿದ.

ನಾನು ಹಿಡಿದದ್ದು ಆರು, ನಾಲ್ಕಲ್ಲ. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅಪ್ಪ ಚೌಕಾಸಿ ಮಾಡುತ್ತಿದ್ದ. ನಾವು ಕೊಳ್ಳುವವರು ಎಂದು ನಾನೇ ಹೇಳಿಕೊಟ್ಟಿದ್ದೆನಲ್ಲ. ಕೊಳ್ಳುವವನು ದರ ಇಳಿಸುತ್ತಾನೆ.

ನಾನು ಮತ್ತೆ ಆರು ಹಿಡಿದೆ.

ಅವನು ಪಂಜಾ ಹಿಡಿದ. ಐದು. ಗಟ್ಟಿಯಾಗಿ ಹಿಡಿದ, ಬಿಡಲಿಲ್ಲ. ಸಂತೆಯಲ್ಲಿ ಎಂಥ ಮೊಂಡನೂ ಇಷ್ಟು ಹೊತ್ತಿಗೆ ಅರ್ಧವಾದರೂ ಇಳಿಯುತ್ತಾನೆ. ಒಂದು ಗೆಣ್ಣು ಒತ್ತಿದರೆ ಸಾಕಿತ್ತು. ಐದೂವರೆ ಎಂದಿದ್ದರೆ ರೋಗಕ್ಕೇನೂ ಆಗುತ್ತಿರಲಿಲ್ಲ, ಅಪ್ಪನಿಗೆ ಗೆದ್ದ ಹಾಗಾಗುತ್ತಿತ್ತು. ನನ್ನ ಬೆರಳು ಅವನ ಗೆಣ್ಣಿನ ಮೇಲೆಯೇ ಇತ್ತು. ಬಾಗಿಲಲ್ಲಿ ಅಣ್ಣ ನಿಂತಿದ್ದ, ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೆ ಕಾಣುತ್ತಿರಲಿಲ್ಲ.

ಆರು ಹಿಡಿದೆ. ನನ್ನ ಕಣ್ಣೀರು ವಲ್ಲಿಯ ಮೇಲೆ ಬಿತ್ತು.

ಅಪ್ಪ ವಲ್ಲಿ ತೆಗೆದ. ನನ್ನ ಅಂಗೈ ತಟ್ಟಿದ. ತೊದಲುತ್ತ ಒಂದು ಮಾತು ಹೇಳಿದ, ಅದು ಅವ್ವನ ಸಹಾಯವಿಲ್ಲದೆ ನನಗೆ ತಿಳಿಯಿತು.

"ಆರಂದ್ರ ಆರು."

ಪೆಟ್ ಸ್ಕ್ಯಾನಿನಲ್ಲಿ ಕಂಡಿತು. ದವಡೆಯ ಹಿಂದೆ, ಮೇಲಕ್ಕೆ, ತಲೆಬುರುಡೆಯ ಬುಡದಲ್ಲಿ, ದೊಡ್ಡ ರಕ್ತನಾಳವನ್ನು ಸುತ್ತಿಕೊಂಡು. ಬಾಯಲ್ಲಿ ಬೆಳಕು ಬಿಟ್ಟು ನೋಡಿದರೆ ಕಾಣುವ ಜಾಗವಲ್ಲ. ಆಪರೇಷನ್ ಆಗದು ಎಂದರು ಡಾಕ್ಟರು. ಎರಡು ಪಾಯಿಂಟ್ ಎಂಟು ಇದ್ದಾಗಲೇ ಸಿಕ್ಕಿದ್ದರೆ ಎಂದು ಕೇಳಿದೆ. ಆಗಲೂ ಆ ಜಾಗಕ್ಕೆ ಕೈ ಹಾಕುವುದು ಕಷ್ಟವಿತ್ತು ಅಂದರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೋ, ನಾನು ಮತ್ತೆ ಕೇಳಲಿಲ್ಲ. ಕೀಮೋ ಒಂದೆರಡು ಸಲ ಆಯಿತು. ಅಪ್ಪ ಸಾಕು ಅಂದ.

ಆದರೆ ಆರಕ್ಕೂ ಸ್ಕ್ಯಾನಿಗೂ ನಡುವೆ ಅವನಿಗೆ ಕೆಲವು ವಾರ ಸಿಕ್ಕವು, ಅದನ್ನು ಬರೆಯಲೇಬೇಕು. ಆ ವಾರಗಳಲ್ಲಿ ಅವನಿಗೆ ಇನ್ನೂ ನಡೆಯುವ ಶಕ್ತಿ ಇತ್ತು. ಒಂದು ಸೋಮವಾರ ತನ್ನನ್ನು ಬಾಗೇವಾಡಿಯ ಸಂತೆಗೆ ಕರೆದುಕೊಂಡು ಹೋಗು ಎಂದು ಅಣ್ಣನಿಗೆ ಹಟ ಹಿಡಿದ. ಅಲ್ಲಿ ಯಾವ ಎತ್ತಿನ ಬಾಯಿಯನ್ನೂ ನೋಡಲಿಲ್ಲವಂತೆ. ಬೇವಿನ ಮರದ ಕೆಳಗೆ ಕೂತನಂತೆ. ಹಳೆಯ ದಲಾಲಿಗಳು ಒಬ್ಬೊಬ್ಬರಾಗಿ ಬಂದು ಎದುರು ಕೂತಾಗ, ವಲ್ಲಿ ಹೊದಿಸಿ, ಕೆಳಗೆ ಅವರ ಕೈಯನ್ನು ಸುಮ್ಮನೆ ಹಿಡಿದುಕೊಂಡನಂತೆ. ಬೆರಳು ಎಣಿಸಲಿಲ್ಲ. "ಯಾರೂ ಕೈ ಎಳಕೊಳ್ಳಲಿಲ್ಲ ಸುಮಿ," ಅಂದ ಅಣ್ಣ. ಅಪ್ಪನಿಗೆ ಆರು ಹೇಳಿದೆನೆಂದು ನನ್ನ ಮೇಲಿದ್ದ ಸಿಟ್ಟನ್ನು ಅವನು ಆ ದಿನದಿಂದ ಬಿಟ್ಟ. ಆ ಅಂಕಿ ಅಪ್ಪನ ಜೀವ ಉಳಿಸಲಿಲ್ಲ. ಆ ಸೋಮವಾರವನ್ನು ಕೊಟ್ಟಿತು. ಅಷ್ಟಕ್ಕೇ ನಾನು ಅದರ ಜೊತೆ ರಾಜಿ ಮಾಡಿಕೊಂಡಿದ್ದೇನೆ. ಪೂರ್ತಿ ಅಲ್ಲ.

ಈಗ ನಾವು ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ರಜೆ ಹಾಕಿ ಇಂಡಿಯಲ್ಲಿಯೇ ಇದ್ದೇನೆ. ಮತ್ತೆ ಮೂಗಿನ ನಳಿಕೆ ಬಂದಿದೆ. ಮಾತು ಪೂರ್ತಿ ನಿಂತಿದೆ, ಅವ್ವನಿಗೂ ತಿಳಿಯುವುದಿಲ್ಲ. ನೋವಿನ ಔಷಧ ನೋಡಿಕೊಳ್ಳಲು ಮನೆಗೆ ಬರುವ ಸಿಸ್ಟರ್ ಪ್ರತಿ ಸಲ ಕೇಳುತ್ತಾರೆ, "ಅಜ್ಜಾರ, ನೋವು ಹತ್ತರಾಗ ಎಷ್ಟೈತ್ರಿ?"

ಅಪ್ಪ ಅಣ್ಣನ ಮುಂದೆ ಎರಡು ಬೆರಳು ಎತ್ತುತ್ತಾನೆ. ಅವ್ವನ ಮುಂದೆ ಒಂದೇ.

ಆಮೇಲೆ ವಲ್ಲಿಯನ್ನು ನನ್ನ ಕಡೆ ಸರಿಸುತ್ತಾನೆ. ಕೆಳಗೆ ಕೈ ಇಡುತ್ತೇನೆ. ಹೋದ ಸಲ ಪಂಜಾ ಹಿಡಿದ, ಬಿಟ್ಟ, ಮತ್ತೆ ಮೂರು ಬೆರಳು ಹಿಡಿದ.

"ಎಂಟು ಐತ್ರಿ ಸಿಸ್ಟರ್," ಅಂದೆ.

"ಅಪ್ಪ ಎರಡು ಅಂದಾನಲ್ಲ?" ಅಂದ ಅಣ್ಣ.

ಸಿಸ್ಟರ್ ನನ್ನನ್ನೂ ಅಪ್ಪನನ್ನೂ ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಮಾರ್ಫಿನ್ ಹೆಚ್ಚಿಸಿದರು. ಅಪ್ಪನಿಗೆ ನಿದ್ದೆ ಹತ್ತಿತು. ಆ ರವಿವಾರ ನಾನು ಅವನಿಗೆ ಐದೂವರೆ ಎಂದಿದ್ದರೆ, ಈಗ ಅವನು ನನಗೂ ಎರಡೇ ಹೇಳುತ್ತಿದ್ದ.

ಇಂದು ಬೆಳಿಗ್ಗೆ ಎದ್ದವನೇ ವಲ್ಲಿ ಹುಡುಕಿದ. ಕೆಳಗೆ ನಾಲ್ಕು ಬೆರಳು ಹಿಡಿದ. ಎಂಟರ ನೋವು ನಾಲ್ಕಕ್ಕೆ ಇಳಿದಿತ್ತು. ನಾನು ಚೌಕಾಸಿ ಮಾಡಲಿಲ್ಲ. ವಲ್ಲಿ ತೆಗೆದು ಅವನ ಅಂಗೈ ತಟ್ಟಿದೆ.